ಹೆಪ್ಪುಗಟ್ಟಿದ ಝರಿ ಹತ್ತುವ ಬಗ್ಗೆ ದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿತ್ರದುರ್ಗದ ಬಂಡೆಗಳ ನಡುವೆ ಬೆಳೆದವನು. ಎರಡು ವರ್ಷದ ಹಿಂದೆ, ಜನವರಿಯಲ್ಲಿ, ನಾವು ಮೂವರು ಗೆಳೆಯರು ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿದ್ದೆವು. ಅಲ್ಲಿ ಒಂದು ಸಣ್ಣ ಕಮರಿಯೊಳಗೆ, ಹೊರಗಿನವರು ಯಾರೂ ಹತ್ತದೆ ಇದ್ದ ಹೆಪ್ಪುಗಟ್ಟಿದ ಝರಿಯೊಂದು ನಮಗೆ ಸಿಕ್ಕಿತು. ಊರಿಗೆ ಬಂದಾಗಿನಿಂದ ಪ್ರಶ್ನೆಗಳು ನಿಂತಿಲ್ಲ. ಕೋಟೆ ಹತ್ತಿರದ ಟೀ ಅಂಗಡಿಯಲ್ಲಿ ಕೇಳುತ್ತಾರೆ, ಮದುವೆ ಮನೆಯ ಊಟದ ಸಾಲಿನಲ್ಲಿ ಕೇಳುತ್ತಾರೆ, ದಾವಣಗೆರೆಯ ಕಾಲೇಜು ಹುಡುಗರು ಮೆಸೇಜು ಹಾಕಿ ಕೇಳುತ್ತಾರೆ. ಜಾಸ್ತಿ ಸಲ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಮೊದಮೊದಲ ಪ್ರಶ್ನೆಗಳು

ಐಸ್ ಕ್ಲೈಂಬಿಂಗ್ ಅಂದ್ರೆ ಹಿಮದ ಬೆಟ್ಟ ಹತ್ತೋದಾ?

ಅಲ್ಲ. ಹಿಮ ಬೇರೆ, ಮಂಜುಗಡ್ಡೆ ಬೇರೆ. ಹಿಮ ಆಕಾಶದಿಂದ ಬೀಳುತ್ತದೆ, ಹಿಟ್ಟಿನ ಹಾಗೆ ಕಾಲಡಿ ಕುಸಿಯುತ್ತದೆ. ನಾವು ಹತ್ತುವುದು ಹರಿಯುತ್ತಿದ್ದ ನೀರು ನಿಂತಲ್ಲೇ ಕಲ್ಲಾದದ್ದನ್ನು. ಬಂಡೆಯ ಮೇಲಿಂದ ಜಿನುಗುವ ನೀರು ಚಳಿಗೆ ಒಂದು ಪದರ ಗಟ್ಟಿಯಾಗುತ್ತದೆ. ಅದರ ಮೇಲೆ ಮತ್ತೆ ನೀರು ಇಳಿದು ಇನ್ನೊಂದು ಪದರ. ವಾರಗಟ್ಟಲೆ ಹೀಗೆ ಬೆಳೆದು ಗೋಡೆಯೇ ಆಗುತ್ತದೆ. ಎರಡು ಕೈಗೆ ಐಸಿಗೆ ಕಚ್ಚುವ ಎರಡು ಸಣ್ಣ ಕೊಡಲಿ, ಅಂದರೆ ಐಸ್ ಆಕ್ಸ್, ಬೂಟಿನ ಕೆಳಗೆ ಮುಳ್ಳಿನ ಕ್ರ್ಯಾಂಪಾನ್, ಸೊಂಟಕ್ಕೆ ಹಗ್ಗ. ಇಷ್ಟರ ಮೇಲೆ ನಿಂತು ಆ ಗೋಡೆ ಹತ್ತುವುದೇ ಐಸ್ ಕ್ಲೈಂಬಿಂಗ್.

ನಮ್ಮ ಜೋಗಿಮಟ್ಟಿಯಲ್ಲೂ ಚಳಿ ಇರುತ್ತಲ್ವಾ, ಅಲ್ಲಿ ಐಸ್ ಆಗಲ್ವಾ?

ಆಗುವುದಿಲ್ಲ. ಜೋಗಿಮಟ್ಟಿಯ ಗಾಳಿಗೆ ಮೈ ನಡುಗುವುದು ನಿಜ. ಆದರೆ ನಮ್ಮ ಜಿಲ್ಲೆಯಲ್ಲಿ ಜನವರಿ ರಾತ್ರಿಯೂ ಸಾಮಾನ್ಯವಾಗಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ನೀರು ಹೆಪ್ಪುಗಟ್ಟಲು ಸೊನ್ನೆ ಬೇಕು. ಹತ್ತುವಷ್ಟು ದಪ್ಪ ಆಗಲು ಸೊನ್ನೆಗಿಂತ ಕೆಳಗೆ ವಾರಗಟ್ಟಲೆ ಇರಬೇಕು. ಸ್ಪಿತಿಯ ಕಾಜಾದಲ್ಲಿ ಜನವರಿ ರಾತ್ರಿ ಮೈನಸ್ 20 ಅಂದರೆ ಅಲ್ಲಿನವರು ಅದರ ಬಗ್ಗೆ ಮಾತೂ ಆಡುವುದಿಲ್ಲ.

ಕಲ್ಲು ಹತ್ತೋರಿಗೆ ಐಸ್ ಸುಲಭಾನಾ? ಕೋತಿರಾಜ್ ಥರ ಹಗ್ಗ ಇಲ್ದೆ ಹತ್ತಬಹುದಾ?

ಕೋತಿರಾಜ್ ಅಂತ ಹೆಸರಾದ ನಮ್ಮೂರಿನ ಜ್ಯೋತಿರಾಜ್ ಅವರು ಕೋಟೆ ಗೋಡೆ ಹತ್ತುವುದನ್ನು ನೋಡಿಯೇ ನಮ್ಮಂಥ ಎಷ್ಟೋ ಹುಡುಗರಿಗೆ ಬಂಡೆಯ ಹುಚ್ಚು ಹಿಡಿದದ್ದು. ಆದರೆ ಅವರ ಕೈ ಕೆಳಗಿರುವುದು ಕೋಟಿಗಟ್ಟಲೆ ವರ್ಷದಿಂದ ಅಲ್ಲೇ ಇರುವ ಕಲ್ಲು. ನಿನ್ನೆ ಹಿಡಿದ ಅಂಚು ಇವತ್ತೂ ಇರುತ್ತದೆ. ಐಸ್ ಹಾಗಲ್ಲ. ಅದು ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ. ಹಗ್ಗವಿಲ್ಲದೆ ಹತ್ತುವ ಮಾತೇ ಬೇಡ.

ಕಲ್ಲಿನ ಅಭ್ಯಾಸ ಇದ್ದವರಿಗೆ ಎತ್ತರದ ಭಯ ಕಮ್ಮಿ, ಹಗ್ಗದ ಗಂಟುಗಳು ಗೊತ್ತಿರುತ್ತವೆ. ಅಷ್ಟು ಲಾಭ ಇದೆ. ಉಳಿದದ್ದನ್ನು ಹೊಸದಾಗಿ ಕಲಿಯಬೇಕು. ಕಲ್ಲಿನಲ್ಲಿ ಬೆರಳಿಗೆ ಕಲ್ಲು ತಾಗುತ್ತದೆ, ಅದು ಮಾತಾಡುತ್ತದೆ. ಐಸಿನಲ್ಲಿ ಕೈಗೂ ಗೋಡೆಗೂ ನಡುವೆ ಅರ್ಧ ಮೀಟರ್ ಲೋಹ ಇರುತ್ತದೆ. ಆ ಲೋಹದ ನಡುಕದಿಂದ, ಸದ್ದಿನಿಂದ ಎಲ್ಲವನ್ನೂ ತಿಳಿದುಕೊಳ್ಳಬೇಕು. ನನಗೆ ಅದು ಅಭ್ಯಾಸವಾಗಲು ಮೂರು ದಿನ ಹಿಡಿಯಿತು.

ಅಲ್ಲಿಗೆ ಹೋಗೋದು ಹೇಗೆ? ಎಷ್ಟು ದಿನ ರಜೆ ಹಾಕ್ಬೇಕು?

ದೆಹಲಿ, ಅಲ್ಲಿಂದ ಶಿಮ್ಲಾ, ಅಲ್ಲಿಂದ ಸತ್ಲೆಜ್ ನದಿಯ ದಂಡೆ ಹಿಡಿದು ಕಿನ್ನೌರ್ ದಾಟಿ ಕಾಜಾ. ಶಿಮ್ಲಾದಿಂದ ಕಾಜಾಗೆ 400 ಕಿಲೋಮೀಟರ್‌ಗಿಂತ ಜಾಸ್ತಿ. ಮನಾಲಿ ಕಡೆಯಿಂದ ಹತ್ತಿರ ಅನಿಸುತ್ತದೆ, ಆದರೆ ಚಳಿಗಾಲದಲ್ಲಿ ಕುಂಜುಮ್ ಪಾಸ್ ಹಿಮದಲ್ಲಿ ಮುಚ್ಚಿರುತ್ತದೆ. ಭಾರತೀಯರಿಗೆ ಸ್ಪಿತಿಗೆ ಪರ್ಮಿಟ್ ಬೇಕಿಲ್ಲ.

ಒಂದೇ ಉಸಿರಿಗೆ ಓಡಬೇಡಿ. ನಾವು ಕಲ್ಪಾದಲ್ಲಿ ಒಂದು ರಾತ್ರಿ, ತಾಬೋದಲ್ಲಿ ಎರಡು ರಾತ್ರಿ ನಿಂತು ಹೋದೆವು. ತಾಬೋದ ಮಣ್ಣಿನ ಬೌದ್ಧ ಮಠ ಕ್ರಿ.ಶ. 996ರದ್ದು. ಅದರ ಒಳಗಿನ ಕತ್ತಲಲ್ಲಿ ಸುಮ್ನೆ ಒಂದು ಗಂಟೆ ಕೂತಿದ್ದೆ, ಅದಕ್ಕಾಗಿಯೇ ಮತ್ತೊಮ್ಮೆ ಹೋಗಬೇಕು ಅನಿಸುತ್ತದೆ. ಊರಿಂದ ಊರಿಗೆ ಹದಿನೈದು ದಿನ ಇಟ್ಟುಕೊಳ್ಳಿ. ಹಿಮ ಬಿದ್ದು ರಸ್ತೆ ನಿಂತರೆ ಇನ್ನೂ ಎರಡು ಮೂರು ದಿನ.

ನನ್ನ ಮಗ ಹೋಗ್ತೀನಿ ಅಂತ ಹಠ ಹಿಡಿದಿದ್ದಾನೆ. ಕಳಿಸ್ಲಾ ಬೇಡ್ವಾ, ನೀನೇ ಹೇಳಪ್ಪ.

ಅಮ್ಮ, ಕಲಿತು ಹೋಗುವುದಾದರೆ ಕಳಿಸಿ. ಗೆಳೆಯರ ಜೊತೆ ವಿಡಿಯೋ ನೋಡಿ ಹೋಗುವುದಾದರೆ ಬೇಡ.

ಕಲಿಯಲು ಒಳ್ಳೆಯ ಜಾಗಗಳಿವೆ. ಉತ್ತರಕಾಶಿಯಲ್ಲಿ 1965ರಲ್ಲಿ ಶುರುವಾದ ನೆಹರೂ ಪರ್ವತಾರೋಹಣ ಸಂಸ್ಥೆ ಇದೆ. ಡಾರ್ಜಿಲಿಂಗ್‌ನಲ್ಲಿ 1954ರ ಹಿಮಾಲಯನ್ ಮೌಂಟನೇರಿಂಗ್ ಇನ್‌ಸ್ಟಿಟ್ಯೂಟ್ ಇದೆ. ಮನಾಲಿಯಲ್ಲೂ ಒಂದಿದೆ. ಅಲ್ಲಿನ ಬೇಸಿಕ್ ಕೋರ್ಸ್ ಸುಮಾರು ನಾಲ್ಕು ವಾರ. ಕಲ್ಲು, ಹಿಮ, ಐಸ್ ಮೂರನ್ನೂ ಕಲಿಸುತ್ತಾರೆ. ಅದಕ್ಕೂ ಮೊದಲು ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ಶಿಬಿರಕ್ಕೆ ಕಳಿಸಿದರೆ ಹುಡುಗನಿಗೆ ನಿಜಕ್ಕೂ ಇಷ್ಟವೋ ಅಲ್ಲವೋ ತಿಳಿಯುತ್ತದೆ.

ಬೀಳುವುದಕ್ಕಿಂತ ನನಗೆ ಹೆದರಿಕೆ ಇರುವುದು ಎತ್ತರದ್ದು. ಕಾಜಾದ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿಗಿಂತ ಕಮ್ಮಿ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಗುರುತು. ಹಾಗಾದರೆ ಮೇಲೆ ಹೋಗಬಾರದು. ಕೂತಲ್ಲೇ ಉಸಿರು ಕಟ್ಟಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಅದೇ ಗಳಿಗೆಯಲ್ಲಿ ಕೆಳಗೆ ಇಳಿಸಬೇಕು. ಬೆಳಗಾಗಲಿ ನೋಡೋಣ ಅನ್ನಬಾರದು. ಇದನ್ನು ಮಗನಿಗೆ ನಿಮ್ಮ ಮುಂದೆಯೇ ಎರಡು ಸಲ ಹೇಳಿಸಿ.

## ತಯಾರಿ

ಏನೇನು ಸಾಮಾನು ಬೇಕು? ಎಲ್ಲಾ ಕೊಳ್ಳಬೇಕಾ?

ಮೊದಲ ವರ್ಷ ಕೊಳ್ಳಬೇಡಿ, ಬಾಡಿಗೆಗೆ ಸಿಗುತ್ತದೆ. ಬಾಗಿದ ಮೂತಿಯ ಎರಡು ಐಸ್ ಆಕ್ಸ್, ಮುಂದಕ್ಕೆ ಚಾಚಿದ ಹಲ್ಲಿರುವ ಕ್ರ್ಯಾಂಪಾನ್, ಅಡಿ ಬಗ್ಗದ ಬೂಟು, ಹಗ್ಗ ಕಟ್ಟಲು ಸೊಂಟಕ್ಕೆ ಹಾಕುವ ಹಾರ್ನೆಸ್, ಹೆಲ್ಮೆಟ್, ನೀರು ಹೀರದ ಹಗ್ಗ, ಐಸಿನೊಳಗೆ ತಿರುಗಿಸಿ ಕೂರಿಸುವ ಕೊಳವೆಯಂಥ ಐಸ್ ಸ್ಕ್ರೂ. ಹಳೆಯ ಕಾಲದಲ್ಲಿ ಇಂಥ ಗೋಡೆಗಳಲ್ಲಿ ಮೆಟ್ಟಿಲು ಕಡಿದುಕೊಂಡೇ ಹತ್ತಬೇಕಿತ್ತು. 1929ರಲ್ಲಿ ಇಟಲಿಯ ಲೊರಾನ್ ಗ್ರಿವೆಲ್ ಕ್ರ್ಯಾಂಪಾನಿಗೆ ಮುಂದಿನ ಹಲ್ಲು ಸೇರಿಸಿದರು. 1966ರಲ್ಲಿ ಅಮೆರಿಕದ ಇವಾನ್ ಶೋನಾರ್ಡ್ ಆಕ್ಸಿನ ನೇರ ಮೂತಿಯನ್ನು ಬಾಗಿಸಿದರು. ಈ ಎರಡು ಬದಲಾವಣೆಯಿಂದಲೇ ಕಡಿದಾದ ಐಸಿನಲ್ಲಿ ನೆಟ್ಟಗೆ ನಿಲ್ಲಲು ಆಯಿತು.

ಬೂಟಿನ ಬಗ್ಗೆ ಒಂದು ಮಾತು. ಒಂದು ಅಂಗಡಿಯಲ್ಲಿ ನನಗೆ ಒಂದು ಸೈಜ್ ದೊಡ್ಡ ಬೂಟು ಕೊಟ್ಟರು, ಎರಡು ಜೊತೆ ಕಾಲುಚೀಲ ಹಾಕಿ ಅಂದರು. ನಾನು ಒಪ್ಪಿದೆ. ಗೋಡೆಯ ಮೇಲೆ ಹಿಮ್ಮಡಿ ಒಳಗೇ ಎದ್ದು ಕ್ರ್ಯಾಂಪಾನಿನ ಹಲ್ಲು ಕಳಚಿತು. ಮೇಲಿಂದ ಹಗ್ಗ ಇತ್ತು, ತೂಗಾಡಿ ನಿಂತೆ. ಬೇರೆ ಯಾವುದು ಹೆಚ್ಚುಕಮ್ಮಿ ಆದರೂ ನಡೆದೀತು, ಬೂಟು ಮಾತ್ರ ಕಾಲಿಗೆ ಸರಿಯಾಗಿ ಕೂರಬೇಕು.

ನಮ್ದು ಬಯಲುಸೀಮೆ ಮೈ. ಆ ಚಳಿ ತಡ್ಕೊಳ್ಳೋದು ಹೇಗೆ?

ದಾವಣಗೆರೆ ಹತ್ತಿ ಗಿರಣಿಗಳಿಂದ ಹೆಸರಾದ ಊರು. ಆದರೂ ಅಲ್ಲಿಗೆ ಹತ್ತಿ ಬಟ್ಟೆ ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಮೈ ಕೊರೆಯುತ್ತದೆ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ಮಳೆಯಲ್ಲಿ ಕಂಬಳಿ ಹೊದ್ದು ನಿಲ್ಲುವ ನಮ್ಮ ಕುರಿ ಕಾಯುವವರಿಗೆ ಇದು ಯಾವತ್ತಿಂದಲೋ ಗೊತ್ತು. ನಾನು ಚಳ್ಳಕೆರೆಯ ಒಂದು ಕರಿ ಕಂಬಳಿ ಒಯ್ದಿದ್ದೆ. ನಾವು ಉಳಿದಿದ್ದ ಮನೆಯ ಅಮ್ಮ ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಯಾವ ಕುರಿಯದು ಅಂತ ಕೇಳಿದರು. ಬರುವಾಗ ಅವರಿಗೇ ಕೊಟ್ಟು ಬಂದೆ.

ಹತ್ತುವಾಗ ಅಷ್ಟಾಗಿ ಚಳಿಯಾಗುವುದಿಲ್ಲ. ಕೆಳಗೆ ಹಗ್ಗ ಹಿಡಿದು ಮುಕ್ಕಾಲು ಗಂಟೆ ನಿಲ್ಲುತ್ತೇವಲ್ಲ, ಆಗ ಆಗುತ್ತದೆ. ಅದಕ್ಕೇ ದಪ್ಪನೆಯ ಒಂದು ಜಾಕೆಟ್ ಬ್ಯಾಗಿನಲ್ಲೇ ಇರಲಿ. ಕೈಗವಸು ಮೂರು ಜೊತೆ ಬೇಕು. ಒಂದು ಜೊತೆ ಅಂಗಿಯೊಳಗೆ, ಹೊಟ್ಟೆಗೆ ತಾಗಿದಂತೆ ಇಟ್ಟುಕೊಳ್ಳಿ. ಫ್ಲಾಸ್ಕಿನಲ್ಲಿ ಬಿಸಿನೀರು, ಜೇಬಿನಲ್ಲಿ ಹುರಿದ ಶೇಂಗಾ. ಚಾಕೊಲೇಟು ಆ ಚಳಿಗೆ ಕಲ್ಲಾಗಿ ಹಲ್ಲಿಗೆ ಬಗ್ಗುವುದಿಲ್ಲ.

ಊರಲ್ಲೇ ಇದ್ದು ಅಭ್ಯಾಸ ಮಾಡೋಕೆ ಆಗುತ್ತಾ ಅಣ್ಣ?

ಆಗುತ್ತದೆ ತಮ್ಮ. ಮರದ ಒಂದು ದಿಮ್ಮಿ ತೂಗುಹಾಕಿ, ಅದಕ್ಕೆ ಆಕ್ಸ್ ಸಿಕ್ಕಿಸಿ ನೇತಾಡು. ಮೆಟ್ಟಿಲ ಅಂಚಿನಲ್ಲಿ ತುದಿಗಾಲ ಮೇಲೆ ನಿಂತು ಹಿಮ್ಮಡಿ ಕೆಳಗೆ ಬಿಡು, ಮೀನಖಂಡ ಗಟ್ಟಿಯಾಗುತ್ತದೆ. ದಪ್ಪ ಕೈಗವಸು ಹಾಕಿಕೊಂಡೇ ಎಂಟರ ಗಂಟು ಹಾಕಿ ಬಿಚ್ಚು, ಕಣ್ಣು ಮುಚ್ಚಿಯೂ ಬರಬೇಕು. ಹಗ್ಗದ ಪಾಠಕ್ಕೆ ಬಾದಾಮಿ, ರಾಮನಗರ ಒಳ್ಳೆಯದು.

ಕೋಟೆಯ ಗೋಡೆಗೆ, ಬಂಡೆಗೆ ಮಾತ್ರ ಆಕ್ಸ್, ಕ್ರ್ಯಾಂಪಾನ್ ತಾಗಿಸಬೇಡ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದಕ್ಕಿಂತ ಹೆಚ್ಚಾಗಿ ಅದು ನಮ್ಮದು.

## ಜಾಗದ ಮಾತು

ಆ ಜಾಗ ನಿಮಗೆ ಸಿಕ್ಕಿದ್ದಾದ್ರೂ ಹೇಗೆ? ಅಲ್ಲಿನೋರಿಗೇ ಗೊತ್ತಿರಲಿಲ್ವಾ?

ಅಲ್ಲಿನವರಿಗೆ ತಲೆತಲಾಂತರದಿಂದ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನಮಗೆ.

ರಸ್ತೆ ಪಕ್ಕದ ಹೆಸರಾದ ಝರಿಗೆ ನಾವು ಹೋದ ದಿನ ತರಬೇತಿಯ ದೊಡ್ಡ ತಂಡ ಇತ್ತು. ಒಂದೇ ಗೋಡೆಗೆ ನಾಲ್ಕು ಹಗ್ಗ. ಮೇಲಿನವರು ಹೊಡೆದ ಐಸ್ ಚೂರು ಕೆಳಗಿನವರ ಮೇಲೆ ಬೀಳುತ್ತಿತ್ತು. ನಾವು ವಾಪಸ್ ಬಂದೆವು. ಸಂಜೆ ಒಲೆ ಸುತ್ತ ಕೂತಾಗ ಮನೆಯ ಅಮ್ಮನನ್ನು ಕೇಳಿದೆ. ಐಸ್ ಎಲ್ಲಿದೆ ಅಂತ ಕೇಳಲಿಲ್ಲ. ಬೇಸಿಗೆಯಲ್ಲಿ ನಿಮ್ಮ ದನಕರು ಎಲ್ಲಿ ನೀರು ಕುಡಿಯುತ್ತವೆ ಅಂತ ಕೇಳಿದೆ.

ಈ ಪ್ರಶ್ನೆ ನನಗೆ ಹೊಳೆದದ್ದು ದುರ್ಗದಿಂದ. ನಮ್ಮ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಂತೆ ಹೊಂಡದ ಕಡೆಗೆ ನೀರು ಇಳಿಯುತ್ತದೆ. ಮಳೆ ನಿಂತ ಮೇಲೂ ಯಾವ ಬಂಡೆಯ ಬೆನ್ನಿನಲ್ಲಿ ಎಷ್ಟು ದಿನ ಜಿನುಗುತ್ತದೆ ಅಂತ ನಾವು ಚಿಕ್ಕಂದಿನಿಂದ ನೋಡಿದವರು. ನೀರು ಕಮ್ಮಿ ಇರುವ ಊರಿನ ಜನಕ್ಕೆ ನೀರಿನ ಜಾಡು ಮರೆಯುವುದಿಲ್ಲ. ಸ್ಪಿತಿಯೂ ಮಳೆ ಕಮ್ಮಿಯ ಸೀಮೆಯೇ.

ಅಮ್ಮ ಒಂದು ನಾಲೆಯ ಹೆಸರು ಹೇಳಿದರು. ಬೆಟ್ಟದ ಹಳ್ಳಕ್ಕೆ ಅಲ್ಲಿ ನಾಲೆ ಅನ್ನುತ್ತಾರೆ. ಮಾರನೇ ದಿನ ಅವರ ಮಗ ನಮ್ಮ ಜೊತೆ ಬಂದ. ಒಣಗಿದ ನಾಲೆಯ ಕಲ್ಲುಗಳ ಮೇಲೆ ಎರಡು ಗಂಟೆ ನಡೆದೆವು. ಎರಡು ಕಡೆಯ ಗೋಡೆಗಳು ಹತ್ತಿರ ಬರುತ್ತಾ ಬಂದವು, ಬಿಸಿಲು ಹೋಯಿತು. ಒಂದು ತಿರುವಿನಲ್ಲಿ ಆ ಹುಡುಗ ನಿಂತು, ಕೈ ತೋರಿಸದೆ, ಸುಮ್ಮನೆ ಪಕ್ಕಕ್ಕೆ ಸರಿದ. ಎದುರಿಗೆ ನೀಲಿ. ಬಂಡೆಯ ಬಿರುಕಿನಿಂದ ಕೆಳಗಿನವರೆಗೆ, ಆಲದ ಬಿಳಲುಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ, ನೀಲಿ ಐಸ್. ಅದರ ಹಿಂದೆ ಎಲ್ಲೋ ನೀರು ಹರಿಯುವ ಸಣ್ಣ ಸದ್ದು ಮಾತ್ರ ಇತ್ತು. ನಮ್ಮಲ್ಲಿ ಯಾರೂ ತುಂಬಾ ಹೊತ್ತು ಮಾತಾಡಲಿಲ್ಲ.

ಅವತ್ತು ಹತ್ತಲಿಲ್ಲ. ದೂರದಲ್ಲಿ ಕೂತು ಗಡಿಯಾರ ನೋಡಿದೆವು. ಬಿಸಿಲು 12.40ಕ್ಕೆ ತುದಿಗೆ ತಾಗಿ ಇಪ್ಪತ್ತು ನಿಮಿಷದಲ್ಲಿ ಹೋಯಿತು. ಏನೂ ಕಳಚಿ ಬೀಳಲಿಲ್ಲ. ಮೂರನೇ ದಿನ ಒಬ್ಬ ಸ್ಥಳೀಯ ಗೈಡ್ ಜೊತೆ ಹೋಗಿ ಹತ್ತಿದೆವು. 60 ಮೀಟರ್ ಹಗ್ಗವನ್ನು ಮೇಲಿಂದ ಎರಡು ಮಡಿಕೆ ಮಾಡಿ ಇಳಿಬಿಟ್ಟಾಗ ತುದಿ ನೆಲದಿಂದ ಮೂರಾಳೆತ್ತರದಲ್ಲಿ ನಿಂತಿತು. ಅದರಿಂದಲೇ ಎತ್ತರ ಸುಮಾರು 35 ಮೀಟರ್ ಅಂತ ಲೆಕ್ಕ ಹಾಕಿದ್ದು.

ಹೊಸ ಜಾಗ ಹುಡುಕೋಕೆ ಏನು ನೋಡ್ಬೇಕು? ಮ್ಯಾಪ್‌ನಲ್ಲಿ ಕಾಣುತ್ತಾ?

ಸ್ವಲ್ಪ ಕಾಣುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಉಪಗ್ರಹ ಚಿತ್ರ ನೋಡಿ. ಬೋಳು ಬಂಡೆಯ ಮೇಲೆ ಕಪ್ಪು ಗೀರುಗಳಿದ್ದರೆ ಅಲ್ಲಿ ನೀರು ಜಿನುಗುತ್ತದೆ. ಸುತ್ತ ಎಲ್ಲ ಒಣಗಿರುವಾಗ ಒಂದೇ ಕಡೆ ಹಸಿರು ಕಂಡರೆ ಅಲ್ಲಿ ಬುಗ್ಗೆ ಇದೆ. ನೀರು ಜಾಸ್ತಿ ಇದ್ದರೆ ಒಳ್ಳೆಯದು ಅಂದುಕೊಳ್ಳಬೇಡಿ. ರಭಸದ ನೀರು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ನಲ್ಲಿ ಸರಿಯಾಗಿ ನಿಲ್ಲಿಸದಿದ್ದರೆ ಸೋರುತ್ತದಲ್ಲ, ಅಂಥ ಸಣ್ಣ, ನಿಲ್ಲದ ಹರಿವೇ ಒಳ್ಳೆಯ ಐಸ್ ಕಟ್ಟುವುದು.

ಆಮೇಲೆ ದಿಕ್ಕು. ನಮ್ಮ ಭೂಭಾಗದಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಬಿಸಿಲು ಕಮ್ಮಿ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಐಸ್ ಬೆಳಿಗ್ಗೆ ಚೆಂದ ಕಂಡರೂ ಮಧ್ಯಾಹ್ನ ಕಳಚುತ್ತದೆ.

ಮೂರನೆಯದು ನೆತ್ತಿ. ಝರಿಯ ಮೇಲುಗಡೆ ಏನಿದೆ ಅಂತ ನೋಡದೆ ಕೆಳಗೆ ನಿಲ್ಲಬೇಡಿ. ಹಿಮಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತದೆ. ಅಂಥ ಇಳಿಜಾರಿನಲ್ಲಿ ಹಿಮ ತುಂಬಿದ್ದರೆ ಅದೆಲ್ಲ ಬರುವುದು ನಿಮ್ಮ ಕಮರಿಗೇ. ಹೊಸ ಹಿಮ ಬಿದ್ದ ಮೇಲೆ ಕೆಲವು ದಿನ ಆ ಕಡೆ ಹೋಗುವುದೇ ಬೇಡ.

ಇಷ್ಟೆಲ್ಲ ನೋಡಿದರೂ ಮ್ಯಾಪ್ ಅರ್ಧ ದಾರಿಗೆ ಬಿಡುತ್ತದೆ. ಉಳಿದ ಅರ್ಧ ಊರಿನ ಜನರನ್ನು ಕೇಳಿದರೆ ಮಾತ್ರ ಸಿಗುತ್ತದೆ.

ಲೊಕೇಶನ್ ಕಳಿಸ್ತೀರಾ? ಯಾರಿಗೂ ಹೇಳಲ್ಲ.

ಕಳಿಸುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಕೇಳಿ.

ಚಳಿಗಾಲದಲ್ಲಿ ಆ ಊರಿನ ಪೈಪುಗಳೆಲ್ಲ ಹೆಪ್ಪುಗಟ್ಟುತ್ತವೆ. ಆಗ ಊರಿನ ಹೆಂಗಸರು ಅದೇ ನೀರಿನ ಕೆಳಭಾಗದಲ್ಲಿ ಐಸ್ ಒಡೆದು ಡಬ್ಬ ತುಂಬಿಕೊಂಡು ಹೋಗುತ್ತಾರೆ. ನಾವು ಹತ್ತಿದ ಗೋಡೆ ಅವರ ಕುಡಿಯುವ ನೀರಿನ ಮೂಲ. ಅಲ್ಲಿ ಮೂತ್ರ ಮಾಡಬಾರದು, ಕಸ ಬಿಡಬಾರದು, ಕೂಗಾಡಬಾರದು ಅಂತ ಅವರು ಹೇಳಿದರು. ಗುಂಪು ಕಟ್ಟಿಕೊಂಡು ಬರಬೇಡಿ ಅಂತಲೂ ಕೇಳಿಕೊಂಡರು. ನಾನು ಹೂಂ ಅಂದಿದ್ದೇನೆ. ಬೇಸಿಗೆಯಲ್ಲಿ ನಮ್ಮ ಓಣಿಗೆ ಬಂದ ಟ್ಯಾಂಕರ್ ಹತ್ತಿರ ಯಾರೋ ಬಂದು ಕೈಕಾಲು ತೊಳೆದರೆ ನಮಗೆ ಹೇಗಾಗುತ್ತದೆ ಅಲ್ವಾ?

ಇನ್ನೊಂದು, ಆ ಕಮರಿಯ ಮೇಲೆ ನೀಲಿ ಕುರಿ ಅನ್ನುವ ಕಾಡು ಪ್ರಾಣಿಗಳ ಹೆಜ್ಜೆ ಇತ್ತು. ಚಳಿಗಾಲದಲ್ಲಿ ಅವು ಕೆಳಗೆ ಇಳಿಯುತ್ತವೆ, ಅವುಗಳ ಹಿಂದೆ ಹಿಮಚಿರತೆ. ಮೇವು ಕಮ್ಮಿ ಇರುವ ಕಾಲದಲ್ಲಿ ಅವನ್ನು ಓಡಿಸಿದರೆ ಅವು ಕಳೆದುಕೊಳ್ಳುವುದು ಬದುಕನ್ನೇ.

ನೀವು ಸ್ಪಿತಿಗೆ ಹೋಗಿ ಒಂದು ಮನೆಯಲ್ಲಿ ನಾಲ್ಕು ದಿನ ಇರಿ. ಎದುರಾದವರಿಗೆ ‘ಜೂಲೇ’ ಅನ್ನಿ. ನೀರಿನ ಬಗ್ಗೆ ಕೇಳಿ. ನಿಮಗೂ ಯಾರಾದರೂ ಒಂದು ನಾಲೆ ತೋರಿಸುತ್ತಾರೆ.

## ಹಗ್ಗ ಕಟ್ಟಿದ ಮೇಲೆ

ಐಸ್ ಗಟ್ಟಿ ಇದೆಯೋ ಇಲ್ವೋ ಹೇಗೆ ಗೊತ್ತಾಗುತ್ತೆ?

ಬಣ್ಣ ಮತ್ತು ಸದ್ದು. ನೀಲಿ ಐಸಿನಲ್ಲಿ ಗಾಳಿಗುಳ್ಳೆ ಕಮ್ಮಿ, ಸಾಮಾನ್ಯವಾಗಿ ಗಟ್ಟಿ. ಬೆಳ್ಳಗಿದ್ದರೆ ಒಳಗೆ ಗಾಳಿ ಜಾಸ್ತಿ. ಆಕ್ಸ್ ಹೊಡೆದಾಗ ‘ಠಕ್’ ಅಂತ ತುಂಬಿದ ಸದ್ದು ಬಂದರೆ ಒಳ್ಳೆಯದು. ಖಾಲಿ ಕೊಡ ಬಡಿದಂತೆ ‘ಡುಂ’ ಅಂದರೆ ಒಳಗೆ ಟೊಳ್ಳು, ಹಿಂದೆ ನೀರು ಹರಿಯುತ್ತಿರಬಹುದು. ತಟ್ಟೆಯಗಲದ ಬಿಲ್ಲೆ ಬಿಲ್ಲೆಯಾಗಿ ಸಿಡಿಯುತ್ತಿದ್ದರೆ ಚಳಿ ಅತಿಯಾಗಿ ಐಸ್ ಬಿರುಸಾಗಿದೆ ಅಂತ ಅರ್ಥ.

ಜಾಸ್ತಿ ಚಳಿ ಇದ್ದಷ್ಟೂ ಕ್ಷೇಮ ಅಂತ ಹಲವರು ನಂಬಿದ್ದಾರೆ. ಅದು ತಪ್ಪು. ಒಂದೇ ರಾತ್ರಿಯಲ್ಲಿ ಚಳಿ ದಿಢೀರನೆ ಏರಿದರೆ ಐಸ್ ಕುಗ್ಗಿ ಒಳಗೇ ಎಳೆತ ಶುರುವಾಗುತ್ತದೆ. ಬಂಡೆಗೆ ಅಂಟದೆ ಒಂಟಿಯಾಗಿ ನಿಂತ ಕಂಬಗಳು ಆಗ ಒಂದೇ ಏಟಿಗೆ ಮುರಿಯಬಹುದು. ಹೊಸಬರು ಕಂಬದ ತಂಟೆಗೆ ಹೋಗಬೇಡಿ. ಬಂಡೆಗೆ ಅಂಟಿದ, ಒರಗಿದ ಐಸ್ ಸಾಕು.

ಐದೇ ನಿಮಿಷಕ್ಕೆ ನನ್ನ ಮುಂಗೈ ಸೋತು ಹೋಯ್ತು. ಹೊಡೆಯೋ ಕ್ರಮ ಏನು?

ಹಿಡಿತ ಸಡಿಲ ಮಾಡಿ. ಹೆದರಿಕೆಗೆ ಎಲ್ಲರೂ ಆಕ್ಸನ್ನು ಹಿಂಡುತ್ತಾರೆ. ಸುತ್ತಿಗೆಯಲ್ಲಿ ಮೊಳೆ ಹೊಡೆಯುವಾಗ ಮಣಿಕಟ್ಟು ಕೊನೆಯಲ್ಲಿ ಹೇಗೆ ತಿರುಗುತ್ತದೋ ಹಾಗೆ ಬೀಸಿ. ಉಬ್ಬಿನ ಮೇಲೆ ಹೊಡೆಯಬೇಡಿ, ಸಿಡಿಯುತ್ತದೆ. ತಗ್ಗಿರುವ ಕಡೆ ಹೊಡೆಯಿರಿ, ಕಚ್ಚುತ್ತದೆ. ಒಂದು ಆಕ್ಸ್ ತಲೆಯ ಮೇಲೆ ನಡುವಿಗೆ, ಎರಡು ಕಾಲು ಅಗಲಕ್ಕೆ ಇಟ್ಟು ಮೂರು ಮೂಲೆ ಮಾಡಿಕೊಳ್ಳಿ. ಹಿಮ್ಮಡಿ ಕೆಳಗಿರಲಿ. ಅದು ಎದ್ದರೆ ಹಲ್ಲು ಕಳಚುತ್ತದೆ. ಮೈಯನ್ನು ಎತ್ತುವುದು ಕಾಲು, ಕೈಯದು ಬರೀ ಆಸರೆ. ಪ್ರತಿ ಹೆಜ್ಜೆಗೂ ಒಂದು ಉಸಿರು ಪೂರ್ತಿ ಬಿಡಿ.

ಡಬ್ಲ್ಯೂಐ 3, ಡಬ್ಲ್ಯೂಐ 4 ಅಂತ ಹೇಳ್ತಾರಲ್ಲ, ಏನದು?

ಡಬ್ಲ್ಯೂಐ ಅಂದರೆ ವಾಟರ್ ಐಸ್. ನೀರಿನ ಐಸಿನ ಕಷ್ಟ ಅಳೆಯುವ ಅಂಕಿ, 1ರಿಂದ ಶುರು. 2ರವರೆಗೆ ಒರಗಿದ ಇಳಿಜಾರು. 3 ಅಂದರೆ 70-80 ಡಿಗ್ರಿ, ನಡುವೆ ನಿಂತು ಸುಧಾರಿಸಿಕೊಳ್ಳಲು ಜಾಗ ಇರುತ್ತದೆ. 4ರಲ್ಲಿ ನೆಟ್ಟಗಿನ ಭಾಗ ಬರುತ್ತದೆ. ನಮ್ಮದು ಬಹುಪಾಲು 3. ಕೊನೆಯ ಐದಾರು ಮೀಟರ್ 4 ಅಂತ ಗೈಡ್ ಹೇಳಿದರು, ನನ್ನ ತೋಳೂ ಅದನ್ನೇ ಹೇಳಿತು.

ಅಲ್ಲಿ ಮೇಲೆ ಮರ ಇಲ್ಲ, ಬೋಲ್ಟ್ ಇಲ್ಲ. ಇಳಿಯೋದು ಹೇಗೆ?

ಐಸನ್ನೇ ಗೂಟ ಮಾಡಿಕೊಂಡು. 22 ಸೆಂಟಿಮೀಟರ್ ಸ್ಕ್ರೂನಿಂದ ಎರಡು ಓರೆ ತೂತು ಕೊರೆಯುತ್ತಾರೆ. ಎರಡೂ ಒಳಗೆ ಒಂದು ಕಡೆ ಸೇರಬೇಕು. ಅದರೊಳಗೆ ಹುರಿ ತೂರಿಸಿ ಗಂಟು ಹಾಕಿ, ಆ ಕುಣಿಕೆಯಿಂದ ಹಗ್ಗ ಇಳಿಬಿಡುತ್ತಾರೆ. ಸೋವಿಯತ್ ಪರ್ವತಾರೋಹಿ ವಿಟಾಲಿ ಅಬಲಕೋವ್ 1930ರ ದಶಕದಲ್ಲಿ ರೂಢಿಗೆ ತಂದ ವಿಧಾನ ಇದು, ಅವರ ಹೆಸರಿನಿಂದಲೇ ಕರೆಯುತ್ತಾರೆ. ಗಟ್ಟಿ ಐಸಿನಲ್ಲಿ ಇದು ಆಶ್ಚರ್ಯ ಪಡುವಷ್ಟು ಭಾರ ತಡೆಯುತ್ತದೆ. ನಾವು ಎರಡು ಹಂತದಲ್ಲಿ ಇಳಿದೆವು. ಮೊದಲನೆಯವರು ಇಳಿಯುವವರೆಗೆ, ಆ ಕುಣಿಕೆ ಕಿತ್ತುಬಂದರೂ ಹಿಡಿಯಲಿ ಅಂತ, ಇನ್ನೊಂದು ಸ್ಕ್ರೂ ಗಟ್ಟಿಯಾಗಿ ಕೂರಿಸಿ ಹಗ್ಗಕ್ಕೆ ಸಡಿಲಾಗಿ ಜೋಡಿಸಿಟ್ಟಿದ್ದೆವು. ಇದನ್ನು ಓದಿ ಕಲಿಯಲು ಬರುವುದಿಲ್ಲ. ನೆಲದ ಮಟ್ಟದಲ್ಲಿ, ಗೊತ್ತಿದ್ದವರ ಎದುರು, ಹತ್ತು ಸಲ ಮಾಡಬೇಕು.

ಇಳಿದ ಮೇಲೆ ಬೆರಳೆಲ್ಲ ಉರಿದು ಅಳುವೇ ಬಂತು. ಏನಾದ್ರೂ ಕೆಟ್ಟಿದೆಯಾ?

ಉರಿದರೆ ಒಳ್ಳೆಯ ಸುದ್ದಿ. ಕೈ ಮೇಲೆತ್ತಿ ಹತ್ತುವಾಗ ಬೆರಳಿಗೆ ರಕ್ತ ಕಮ್ಮಿಯಾಗುತ್ತದೆ. ವಾಪಸ್ ಬಂದಾಗ ಆ ನೋವು. ಕೆಲವರಿಗೆ ವಾಂತಿ ಬಂದ ಹಾಗೂ ಆಗುತ್ತದೆ. ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಉರಿಯದೆ, ನೋಯದೆ, ಬೆರಳು ಬೆಳ್ಳಗೆ ಮೇಣದ ಹಾಗೆ ಜೋಮು ಹಿಡಿದಿದ್ದರೆ ಹೆದರಬೇಕು. ಆಗ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಕಂಕುಳಲ್ಲಿ ಇಟ್ಟುಕೊಂಡು ಬೇಗ ಡಾಕ್ಟರ ಹತ್ತಿರ ಹೋಗಿ.

ಮುಂದಿನ ಚಳಿಗಾಲಕ್ಕೂ ಆ ಐಸ್ ಅಲ್ಲೇ ಹಾಗೇ ಇರುತ್ತಾ?

ಇರುವುದಿಲ್ಲ. ಬೇಸಿಗೆ ಬರುತ್ತಾ ಪೂರ್ತಿ ಕಳಚಿ ಬೀಳುತ್ತದೆ. ಮುಂದಿನ ವರ್ಷ ಅದೇ ಬಂಡೆಯ ಮೇಲೆ ಬೇರೆ ಆಕಾರದಲ್ಲಿ ಕಟ್ಟುತ್ತದೆ. ಹಿಮ ಕಮ್ಮಿ ಬಿದ್ದ ವರ್ಷ ಬುಗ್ಗೆಯ ಹರಿವೂ ತೆಳ್ಳಗಾಗುತ್ತದೆ ಅಂತ ಆ ಅಮ್ಮ ಹೇಳುತ್ತಿದ್ದರು.

ಕಳೆದ ವರ್ಷ ಮೇ ತಿಂಗಳಲ್ಲಿ ಅವರಿಗೆ ಫೋನ್ ಮಾಡಿದ್ದೆ. ನಮ್ಮಲ್ಲಿ ಆಗ ಸಂತೆ ಹೊಂಡದ ಮೆಟ್ಟಿಲು ಕಾದು ಕಾಲಿಡಲು ಆಗುತ್ತಿರಲಿಲ್ಲ. ಗೋಡೆ ಎಲ್ಲಾ ಬಿತ್ತಾ ಅಂತ ಕೇಳಿದೆ. ಬಿತ್ತು, ನೀರು ಬಟಾಣಿ ಹೊಲಕ್ಕೆ ತಿರುಗಿಸಿದ್ದೇವೆ ಅಂದರು. ಆಮೇಲೆ ನಿಮ್ಮ ಕಡೆ ಮಳೆ ಬಂತಾ ಅಂತ ಕೇಳಿದರು.